ಗಿಡ್ಡ ಗಾಡಿಯ ಎಣ್ಣೆ

ಅಪ್ಪನ ಗಾಡಿಯಿಂದ ಎಣ್ಣೆ ಸೋರುವುದನ್ನು ನಿಲ್ಲಿಸಿದವನು ನಾನು. ಹನ್ನೊಂದು ದಿನ ಆ ಹೆಮ್ಮೆಯಲ್ಲಿ ತಿರುಗಾಡಿದೆ. ಹನ್ನೆರಡನೆಯ ದಿನ ತಿಳಿದದ್ದನ್ನು ನೆನೆದರೆ ಇವತ್ತಿಗೂ ಆ ಹೆಮ್ಮೆಗೆ ನಾಚುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಮನೆ ರಬಕವಿಯ ನೇಕಾರರ ಓಣಿಯಲ್ಲಿ. ಅವ್ವ ಬನಹಟ್ಟಿಯ ನೇಕಾರರ ಮಗಳು. ತವರಿನಿಂದ ಬಂದ ಎರಡು ಪವರ್‌ಲೂಮ್ ಮಗ್ಗಗಳನ್ನು ಹಿಂದಿನ ಕೋಣೆಯಲ್ಲಿ ಹಾಕಿಕೊಂಡು ತಾನೇ ನಡೆಸುತ್ತಿದ್ದಳು. ಎಳೆ ಹರಿದರೆ ತಾನೇ ಕೂಡಿಸುವಳು, ಮಗ್ಗ ಕೆಟ್ಟರೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪಾನಾ ಹಿಡಿದು ತಾನೇ ನಟ್ಟು ಬಿಚ್ಚುವಳು. ಮಗ್ಗದ ಮನೆಗಳಲ್ಲಿ ಅದು ದೊಡ್ಡ ಸಂಗತಿಯಲ್ಲ. ನಾನು ಅದನ್ನು ಗಮನಿಸಿದ್ದೂ ಇಲ್ಲ.

ಅಪ್ಪ ದನದ ದವಾಖಾನೆಯಲ್ಲಿ ಕಂಪೌಂಡರ್. ಮೊದಲು ಬೀಳಗಿಯಲ್ಲಿದ್ದ, ಆಮೇಲೆ ನಮ್ಮ ಕಡೆಗೆ ವರ್ಗವಾಗಿ ಬಂದ. ಕಾಗದದಲ್ಲಿ ಕಂಪೌಂಡರ್ ಆದರೂ ಕುರಿಗಾರರ ಬಾಯಲ್ಲಿ ಅವನು ಡಾಕ್ಟರ್. ಮಹಾಲಿಂಗಪುರ, ರನ್ನ ಬೆಳಗಲಿಯ ಸುತ್ತ ಹೊಲಗಳಲ್ಲಿ ಕುರಿ ನಿಲ್ಲಿಸಿಕೊಂಡವರ ದಡ್ಡಿಗಳಿಗೆ ಹೋಗಿ ಕುರಿಗಳಿಗೆ ಸೂಜಿ ಹಾಕಬೇಕು, ಹುಣ್ಣಿಗೆ ಔಷಧ ಹಚ್ಚಬೇಕು. ಬಸ್ಸಿಳಿದು ಹೊಲದ ಬದುವಿನ ಮೇಲೆ ನಡೆಯುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು.

ಹಾಗಿರುವಾಗ ಗಾಡಿ ಸಿಕ್ಕಿತು. ಜಮಖಂಡಿಯಲ್ಲಿ ಒಬ್ಬ ವಕೀಲರ ಎಮ್ಮೆಗೆ ಹೊಟ್ಟೆಯಲ್ಲಿ ಕರು ಅಡ್ಡವಾಗಿ, ಎಲ್ಲರೂ ಕೈಬಿಟ್ಟಾಗ ಅಪ್ಪ ಮೊಳಕೈವರೆಗೆ ಕೈ ಹಾಕಿ ಎರಡೂ ಜೀವ ಉಳಿಸಿದ್ದ. ಆ ಖುಷಿಯಲ್ಲಿ ವಕೀಲರು ತಮ್ಮ ಮನೆಯ ಹಿತ್ತಿಲಲ್ಲಿ ಧೂಳು ತಿನ್ನುತ್ತಿದ್ದ ಗಿಡ್ಡ ಮೋಟಾರ್ ಸೈಕಲ್ಲನ್ನು ಒಯ್ಯಿರಿ ಎಂದು ಕೊಟ್ಟುಬಿಟ್ಟರು. ಹಡಗಿನಲ್ಲಿ ಕೆಲಸಕ್ಕಿದ್ದ ಅವರ ಅಳಿಯ ಅದನ್ನು ಎಷ್ಟೋ ವರ್ಷಗಳ ಹಿಂದೆ ಜಪಾನಿನಿಂದ ತಂದು ಗೋವಾ ಬಂದರಿನಲ್ಲಿ ಇಳಿಸಿದ್ದನಂತೆ. ಅಂಥ ಗಾಡಿ ನಮ್ಮ ಸೀಮೆಯಲ್ಲಿ ಇನ್ನೊಂದಿರಲಿಲ್ಲ. ಸೀಟು ಮೊಣಕಾಲಿಗಿಂತ ಒಂದು ಗೇಣು ಮೇಲೆ. ಗಾಲಿಗಳು ನೀರಿನ ಹರವಿಯ ಬಾಯಷ್ಟು. ಹ್ಯಾಂಡಲ್ ಮಡಚುತ್ತಿತ್ತು. ಅಂಗೈಯಗಲದ ಎಂಜಿನ್, ಮೂರು ಗೇರು. ಅಪ್ಪ ಆರಡಿ ಆಳು. ಅದರ ಮೇಲೆ ಕುಳಿತರೆ ಮೊಣಕಾಲು ಮೊಳಕೈಗೆ ತಾಗುತ್ತಿದ್ದವು.

"ಡಾಕ್ಟರ್ರ, ನೀವು ಗಾಡಿ ಮ್ಯಾಲೆ ಕುಂತೀರೋ, ಗಾಡಿ ನಿಮ್ಮ ಕಾಲಾಗ ಸಿಕ್ಕೊಂಡೈತೋ?" ಎಂದು ಕುರಿಗಾರರು ನಗುತ್ತಿದ್ದರು. ಅಪ್ಪನೂ ನಗುತ್ತಿದ್ದ. ಅವನಿಗೆ ಆ ಗಾಡಿಯ ಮೇಲೆ ಎಲ್ಲಿಲ್ಲದ ಪ್ರೀತಿ.

ನಾನು ಆಗಷ್ಟೇ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಮುಧೋಳದ ಕಡೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಆರು ದಿನ ಮುಧೋಳದ ಬಾಡಿಗೆ ಕೋಣೆ, ರಜೆಯ ದಿನ ರಬಕವಿ. ಮನೆಗೆ ಬಂದವನು ಊಟಕ್ಕಿಂತ ಮೊದಲು ಗಾಡಿಯ ಮುಂದೆ ಕೂರುತ್ತಿದ್ದೆ. ಯಾಕೆಂದರೆ ಅದು ಸೋರುತ್ತಿತ್ತು.

ಮೊದಮೊದಲು ಅದು ನಿಜವಾದ ಸೋರಿಕೆಯೇ. ಗೇರ್ ಬದಲಿಸುವ ದಂಡದ ಬುಡದಲ್ಲಿದ್ದ ರಬ್ಬರ್ ಸೀಲು ಒಣರೊಟ್ಟಿಯ ಅಂಚಿನಂತೆ ಪುಡಿಪುಡಿಯಾಗಿತ್ತು. ಅದೇ ಅಳತೆಯದನ್ನು ಕೊಲ್ಲಾಪುರದಿಂದ ತರಿಸಿ ಕೂರಿಸಿದೆ. ಕ್ಲಚ್ಚಿನ ಮುಚ್ಚಳದ ಸಂದಿಯಲ್ಲಿ ಎಣ್ಣೆ ಬೆವರುತ್ತಿತ್ತು. ಗಾಜಿನ ಹಲಗೆಯ ಮೇಲೆ ಪಾಲಿಶ್ ಕಾಗದ ಹಾಸಿ ಮುಚ್ಚಳದ ಅಂಚನ್ನು ತಿಕ್ಕಿ ಸಮ ಮಾಡಿದೆ. ದಪ್ಪ ಕಾಗದವನ್ನು ಮುಚ್ಚಳದ ಮೇಲಿಟ್ಟು ಗುಂಡುತಲೆಯ ಸುತ್ತಿಗೆಯಿಂದ ಅಂಚಿಗೆ ಮೆಲ್ಲಗೆ ಬಡಿದರೆ ಪ್ಯಾಕಿಂಗ್ ತಾನೇ ಕತ್ತರಿಸಿ ಬರುತ್ತದೆ. ಹಾಗೆ ಮಾಡಿ, ಎರಡೂ ಬದಿಗೆ ಅಂಟು ಹಚ್ಚಿ, ಒಂದೇ ಬದಿಗೆ ಬಲ ಬೀಳದಂತೆ ಎದುರುಬದುರು ಬೋಲ್ಟುಗಳನ್ನು ಬಿಗಿದೆ. ಎಂಜಿನ್ ಒರೆಸಿಟ್ಟ ಹಿತ್ತಾಳೆ ತಂಬಿಗೆಯಂತೆ ಒಣಗಿ ನಿಂತಿತು.

ಮುಂದಿನ ರಜೆಗೆ ಬಂದರೆ ಅಪ್ಪ ಪಡಸಾಲೆಯ ನೆಲ ತೋರಿಸಿದ. ಎಂಜಿನ್ನಿನ ಕೆಳಗೆ ರೊಟ್ಟಿಯಗಲ ಎಣ್ಣೆಯ ಕಲೆ.

ಬಗ್ಗಿ ನೋಡಿದೆ. ಎಂಜಿನ್ನಿನ ಹೊಟ್ಟೆಯಲ್ಲಿ ಹಳೆಯ ಎಣ್ಣೆ ಇಳಿಸಲು ಒಂದು ಬೋಲ್ಟು ಇರುತ್ತದೆ. ಅದು ಸಡಿಲಾಗಿತ್ತು. ಗಾಡಿಯ ಅದುರಾಟಕ್ಕೆ ಸಡಿಲಾಗಿರಬೇಕೆಂದು ಬಿಗಿದೆ. ಮತ್ತೆ ಸಡಿಲಾಯಿತು. ತಾಮ್ರದ ವಾಷರನ್ನು ಕೆಂಪಗೆ ಕಾಸಿ ನೀರಿಗೆ ಹಾಕಿ ಮೆತ್ತಗೆ ಮಾಡಿ ಹಾಕಿದೆ. ಮತ್ತೆ ಸಡಿಲಾಯಿತು. ತಲೆ ಕೆಡಿಸಿದ್ದು ಏನೆಂದರೆ, ಅದು ದಿನಾ ಸೋರುತ್ತಿರಲಿಲ್ಲ. ಹತ್ತು ದಿನ ಒಣಒಣ. ಒಂದು ಮುಂಜಾನೆ ಇದ್ದಕ್ಕಿದ್ದಂತೆ ಕಲೆ. ಮತ್ತೆ ಆರು ದಿನ ಏನೂ ಇಲ್ಲ. ಎರಡು ದಿನ ಬೆನ್ನಿಗೆ ಬೆನ್ನು ಕಲೆ. ಸೋರಿದ ದಿನ ಅಪ್ಪ ಗಾಡಿ ಮುಟ್ಟದೆ ಬಸ್ಸಿಗೆ ಹೋಗುತ್ತಿದ್ದ. ಅವ್ವ ಮಗ್ಗದ ಚಿಂದಿಯಿಂದ ನೆಲ ಒರೆಸುತ್ತಿದ್ದಳು.

ನಾನು ಕಾರ್ಖಾನೆಯಲ್ಲಿ ಕಲಿತ ಹಾಗೆ ಒಂದು ವಹಿ ಮಾಡಿದೆ. ಅವ್ವನ ಕೈಗೆ ಕೊಟ್ಟೆ.

"ಯವ್ವಾ, ಎಣ್ಣಿ ಬಿದ್ದ ದಿನ ಇದರಾಗ ತಾರೀಖ ಬರದಿಡು."

"ನಾ ನಾಕನೇ ಇಯತ್ತೆ ಕಲತಾಕಿ, ಏನ್ ಬರೀಲೋ?"

"ತಾರೀಖಷ್ಟ ಸಾಕು. ಅದನ್ನ ನೋಡಿ ನಾ ಕಾರಣ ಹುಡುಕ್ತೇನಿ."

ಅವಳು ವಹಿಯನ್ನು ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದಳು. "ಖರೆ ಹುಡುಕ್ತಿ?" ಎಂದಳು. "ಹಂಗಾರ ಬರೀತೇನಿ. ತಪ್ಪದ ಬರೀತೇನಿ. ನೀ ಓದು."

ನಾಲ್ಕು ತಿಂಗಳು ಬರೆದಳು. ಮಗ್ಗದ ಬದಿಯ ಗೂಟಕ್ಕೆ ತೂಗುಹಾಕಿದ ವಹಿಯಲ್ಲಿ ದುಂಡಗಿನ ಅಕ್ಷರದ ತಾರೀಖುಗಳು. ಕೆಲವು ತಾರೀಖುಗಳ ಮುಂದೆ ಎರಡು ಗೀಟು. ಅದೇನೆಂದು ನಾನು ಕೇಳಲಿಲ್ಲ, ಹೆಚ್ಚು ಎಣ್ಣೆ ಬಿದ್ದಿರಬೇಕು ಎಂದುಕೊಂಡೆ. ಆ ತಾರೀಖುಗಳನ್ನು ಬಿಸಿಲಿಗೆ ಹೊಂದಿಸಿ ನೋಡಿದೆ, ಹಿಂದಿನ ದಿನ ಅಪ್ಪ ಓಡಿಸಿದ ದೂರಕ್ಕೆ ಹೊಂದಿಸಿದೆ, ಎಣ್ಣೆಯ ಡಬ್ಬಿಗೆ ಹೊಂದಿಸಿದೆ. ಯಾವುದಕ್ಕೂ ಹೊಂದಲಿಲ್ಲ. ಡಿಪ್ಲೊಮಾದಲ್ಲಿ ಮೊದಲ ದರ್ಜೆ ಬಂದವನನ್ನು ಒಂದು ಬೋಲ್ಟು ಸೋಲಿಸಿತಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಕಾರ್ಖಾನೆಯಲ್ಲಿ ಬಹಳ ಅದುರುವ ಯಂತ್ರಗಳ ಬೋಲ್ಟುಗಳ ತಲೆಗೆ ಸಣ್ಣ ತೂತು ಕೊರೆದು, ಉಕ್ಕಿನ ತಂತಿ ಪೋಣಿಸಿ, ಹೆಣೆದು ಪಕ್ಕದ ಗಟ್ಟಿ ಜಾಗಕ್ಕೆ ಬಿಗಿಯುತ್ತಾರೆ. ಆಮೇಲೆ ಬೋಲ್ಟು ಎಷ್ಟು ಅದುರಿದರೂ ತಿರುಗುವುದಿಲ್ಲ. ಒಂದು ರಜೆಯ ದಿನ ಹಾಗೇ ಮಾಡಿದೆ. ಅವ್ವ ಪಕ್ಕಡ ಎನ್ನುವ ಮಗ್ಗದ ಇಕ್ಕಳದಿಂದಲೇ ತಂತಿಯನ್ನು ತಿರುವಿ ತಿರುವಿ ಹೆಣೆದೆ. ಅವ್ವ ಮಗ್ಗ ನಿಲ್ಲಿಸಿ ಬಂದು ಬಾಗಿಲಿಗೆ ಒರಗಿ ನಿಂತಳು.

"ಇನ್ನ ಅದು ಬಿಚ್ಚಂಗಿಲ್ಲೇನ?"

"ಕೈಯಿಂದಂತೂ ಯಾರಿಂದಾನೂ ಆಗೂದಿಲ್ಲ."

"ಈಟ ಎಣ್ಣಿ ಬಿದ್ದರ ಏನಾಕ್ಕೈತಿ ತಮ್ಮಾ? ನಾ ಒರಸತಿದ್ನೆಲ್ಲ."

"ಎಣ್ಣಿ ಇಲ್ಲದ ಓಡಿಸಿದ್ರ ಎಂಜಿನ್ ಹಿಡಕೋತೈತಿ ಯವ್ವಾ, ನಿನಗ ತಿಳಿಯೂದಿಲ್ಲ."

ಆ ಮಾತನ್ನು ನಾನೇ ಆಡಿದೆ. ಅವಳು ಒಳಗೆ ಹೋದಳು. ಬಹಳ ಹೊತ್ತು ಮಗ್ಗದ ಸದ್ದು ಬರಲಿಲ್ಲ.

ಅಷ್ಟಕ್ಕೆ ಬಿಟ್ಟಿದ್ದರೂ ಒಂದು ಮಾತು. ನನಗೆ ಗೆದ್ದ ಹುರುಪು. ಗಾಡಿ ಮೂವತ್ತರ ಮೇಲೆ ಹೋಗುತ್ತಿರಲಿಲ್ಲ, ಸಪಾಟು ರಸ್ತೆಯಲ್ಲಿ ಎಂಜಿನ್ ಸುಮ್ಮನೆ ಕಿರುಚುತ್ತಿತ್ತು. ಚೈನು ಎಳೆಯುವ ಮುಂದಿನ ಹಲ್ಲುಗಾಲಿಗೆ ಹನ್ನೆರಡು ಹಲ್ಲು. ಅದನ್ನು ತೆಗೆದು, ಕಾರ್ಖಾನೆಯ ಲೇತಿನ ಗೆಳೆಯನಿಂದ ಮಾಡಿಸಿ ತಂದಿದ್ದ ಹದಿನಾಲ್ಕು ಹಲ್ಲಿನದನ್ನು ಹಾಕಿದೆ. ಚೈನಿಗೆ ಕೊಂಡಿ ಸೇರಿಸಿ, ಬೆರಳು ಒತ್ತಿದರೆ ಅರ್ಧ ಇಂಚು ಬಗ್ಗುವಂತೆ ಎಳೆದು ಕಟ್ಟಿದೆ. ಅಪ್ಪ ಜಮಖಂಡಿ ರಸ್ತೆಗೆ ಒಂದು ಸುತ್ತು ಹೋಗಿ ಬಂದ. ಕಣ್ಣಲ್ಲಿ ನೀರು ಬರುವಷ್ಟು ಗಾಳಿ ಕುಡಿದು ಬಂದಿದ್ದ.

"ಲೇ, ಕುದರಿ ಆಗೇತಿ ಕುದರಿ!" ಎಂದ. ಅವನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅಕ್ಕನ ಮದುವೆಯಲ್ಲೂ ನೋಡಿರಲಿಲ್ಲ.

ಮುಂದಿನ ರಜೆಗೆ ಬಂದಾಗಲೂ ನೆಲ ಒಣಗಿತ್ತು. ವಹಿಯಲ್ಲಿ ಹೊಸ ತಾರೀಖು ಇರಲಿಲ್ಲ. ಮುಧೋಳಕ್ಕೆ ಹೋಗಿ ಗೆಳೆಯರ ಮುಂದೆ ಆ ತಂತಿಯ ಕತೆ ಹೇಳಿಕೊಂಡೆ.

ಹನ್ನೆರಡನೆಯ ದಿನ ಮಧ್ಯಾಹ್ನ ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ಕಾರ್ಖಾನೆಯ ಗೇಟಿನಲ್ಲಿ ನನ್ನನ್ನು ಕರೆಸಿದ. "ಕುರಿ ಡಾಕ್ಟರ್ ಮಗಾ ನೀವೇನ್ರಿ? ಬೆಳಗಲಿ ಹಂತ್ಯಾಕ ನಿಮ್ಮಪ್ಪಾರು ಬಿದ್ದಾರ. ಜೀವ ಐತಿ. ಬರ್ರಿ ಲಗೂನ."

ಟ್ರ್ಯಾಕ್ಟರಿನಲ್ಲಿ ಹೋಗುವಾಗ ನನ್ನ ತಲೆಯಲ್ಲಿ ಇದ್ದದ್ದು ಚೈನು. ಚೈನು ಹರಿದಿರಬೇಕು, ನಾನು ಸೇರಿಸಿದ ಕೊಂಡಿ ಬಿಚ್ಚಿರಬೇಕು. ನಾನೇ ಕೊಂದೆ ಎಂದು ಬಾಯಲ್ಲಿ ಬರುತ್ತಿತ್ತು.

ರಸ್ತೆಯಿಂದ ಇಳಿದು ಗಾಡಿ ಕಾಲುವೆಯ ದಂಡೆ ಹಾರಿ ಕೊಯ್ದ ಕಬ್ಬಿನ ಹೊಲದಲ್ಲಿ ಬಿದ್ದಿತ್ತು. ಅಪ್ಪ ಕಂಬಳಿಯ ಮೇಲೆ ಒಂದು ಮಗ್ಗುಲಾಗಿ ಮಲಗಿದ್ದ. ಮುಖವೆಲ್ಲ ಕಬ್ಬಿನ ಕೂಳೆ ತರಚಿದ ಗಾಯ. ಎಡಭುಜ ಕೆಳಗೆ ಜಾರಿದಂತಿತ್ತು. ತುಟಿಯಿಂದ ರಕ್ತ. ಕಣ್ಣು ತೆರೆದಿದ್ದ, ಆದರೆ ನನ್ನನ್ನು ಗುರುತಿಸುತ್ತಿರಲಿಲ್ಲ. ನಾನು ಮೊದಲು ಗಾಡಿಯ ಕಡೆ ಓಡಿದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಓಡಿದೆ. ಚೈನು ಗಟ್ಟಿಯಾಗಿತ್ತು. ಬ್ರೇಕು ಸರಿಯಿತ್ತು. ಎಂಜಿನ್ನಿನ ಕೆಳಗೆ ಒಂದು ಹನಿ ಎಣ್ಣೆ ಬಿದ್ದಿರಲಿಲ್ಲ.

ಅಪ್ಪನ ತಲೆಯ ಹತ್ತಿರ ಒಬ್ಬ ಮುದಿ ಕುರಿಗಾರ ಕುಳಿತಿದ್ದ. ವರ್ಷಗಳಿಂದ ಅಪ್ಪನಿಂದ ಕುರಿಗಳಿಗೆ ಸೂಜಿ ಹಾಕಿಸಿಕೊಳ್ಳುತ್ತಿದ್ದವನು.

"ಗಾಡಿಗೆ ಏನೂ ಆಗಿಲ್ಲ ತಗೀರಿ," ಎಂದ. "ಫಿಟ್ಸ ಬಂದಿತ್ತು. ಗಾಡಿ ಮ್ಯಾಲೇ ಬಂತು. ನಮ್ಮ ದಡ್ಡ್ಯಾಗ ಎರಡ ಸಲ ಬಂದಾಗ ನೆಲದ ಮ್ಯಾಲೆ ಕುಂತಿದ್ರು, ಏನೂ ಆಗಿದ್ದಿಲ್ಲ."

"ಎರಡು ಸಲ? ಯಾರಿಗೆ?"

ಅವನು ನನ್ನ ಮುಖ ನೋಡಿದ. "ನಿಮಗ ಗೊತ್ತಿಲ್ಲೇನ್ರಿ? ಅವ್ವಾರು ಬಸ್ಸಿಗೆ ಬಂದು ನಮಗೆಲ್ಲಾ ಹೇಳಿ ಹೋಗಿದ್ರಲ್ಲ. ಬಂದ್ರ ಒಂದ ಮಗ್ಗಲಕ ಹೊರಳಸ್ರಿ, ಬಾಯಾಗ ನೀರು ಹಾಕಬ್ಯಾಡ್ರಿ, ಅಂತ."

ಆ ಹೊಲದಲ್ಲಿ ನಿಂತಿದ್ದವರಿಗೆಲ್ಲ ಗೊತ್ತಿತ್ತು. ಅಪ್ಪನ ಮಗನಿಗೆ ಗೊತ್ತಿರಲಿಲ್ಲ.

ಜೀಪು ಹಿಡಿದು ಜಮಖಂಡಿಯ ದವಾಖಾನೆಗೆ ಒಯ್ದೆವು. ಭುಜದ ಮೂಳೆ ಮುರಿದಿತ್ತು. ಸಂಜೆಯ ಹೊತ್ತಿಗೆ ಅವ್ವ ಬಂದಳು. ಅಪ್ಪ ಮಾತಾಡುವಂತಾದ ಮೇಲೆ ಅವಳು ಹೊರಗಿನ ಬೆಂಚಿಗೆ ಬಂದು ನನ್ನ ಪಕ್ಕ ಕುಳಿತಳು. ನಾನು ಅವಳ ಕೈ ನೋಡಿದೆ. ಬಲಗೈಯ ಹೆಬ್ಬೆರಳು, ತೋರುಬೆರಳಿನ ತುದಿಗಳೆಲ್ಲ ಸೀಳಿದ್ದವು. ಅರಿಶಿನ ಮೆತ್ತಿದ್ದಳು.

"ಮಗ್ಗಕ್ಕ ಸಿಕ್ತೇನ?"

"ಇಲ್ಲ. ನಿನ್ನ ತಂತಿ."

ಅರ್ಥವಾಗಲಿಲ್ಲ.

"ಇವತ್ತ ಮುಂಜಾನಿ ನಸಿಕಿನ್ಯಾಗ ಬಂದಿತ್ತು ಅವರಿಗೆ, ಮಲಗಿದಲ್ಲೇ," ಎಂದಳು. "ಒಮ್ಮಿ ಬಂತಂದ್ರ ಆ ದಿನ ಮತ್ತ ಬರೂ ಅಂಜಿಕಿ. ಹಂಗ ಬಂದ ದಿನ ನಾ ಹದಿನೇಳ ನಂಬರ್ ಪಾನಾ ತಗೊಂಡು ಆ ಬೋಲ್ಟ ಸಡಿಲ ಮಾಡತಿದ್ದೆ. ಎಣ್ಣಿ ಇಲ್ಲಂದ್ರ ಅವರು ಗಾಡಿ ಮುಟ್ಟೂದಿಲ್ಲ, ಬಸ್ಸಿಗೆ ಹೊಕ್ಕಾರ. ಬಸ್ಸಿನ್ಯಾಗ ಬಂದ್ರ ಯಾರರ ಹಿಡೀತಾರ. ಇವತ್ತ ತಂತಿ ಬಿಚ್ಚಾಕ ನೋಡಿದೆ. ಬರಲಿಲ್ಲ. ನನ್ನ ಪಕ್ಕಡ ನೀನ ಒಯ್ದಿದ್ದಿ."

ಹೌದು. ತಂತಿ ಹೆಣೆದ ಮೇಲೆ ಅವ್ವನ ಪಕ್ಕಡವನ್ನು ಮರೆತು ನನ್ನ ಚೀಲಕ್ಕೆ ಹಾಕಿಕೊಂಡು ಹೋಗಿದ್ದೆ. ಅದು ಮುಧೋಳದ ಕೋಣೆಯಲ್ಲಿತ್ತು.

"ಕೀಲಿ ಅಡಗಿಸಿಟ್ಟೆ. ಅವರ ಹಂತ್ಯಾಕ ಇನ್ನೊಂದು ಇತ್ತು."

"ನನಗ ಯಾಕ ಹೇಳಲಿಲ್ಲ ಯವ್ವಾ?" ಎಂದಾಗ ನನ್ನ ದನಿ ಏರಿತ್ತು. ಅತ್ತಿತ್ತ ಕುಳಿತವರು ತಿರುಗಿ ನೋಡಿದರು.

ಅವಳು ಮೆಲ್ಲಗೆ ಹೇಳಿದಳು. ಅಪ್ಪನಿಗೆ ಮೊದಲ ಸಲ ಬಂದದ್ದು ಬೀಳಗಿಯಲ್ಲಿ. ನಾನು ಆಗ ಜಮಖಂಡಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೆ. ಆಫೀಸಿಗೆ ಗೊತ್ತಾದರೆ ನೌಕರಿ ಹೋಗುತ್ತದೆ, ಊರಿಗೆ ಗೊತ್ತಾದರೆ ಅಕ್ಕನನ್ನು ಯಾರೂ ಮಾಡಿಕೊಳ್ಳುವುದಿಲ್ಲ ಎಂದು ಅಪ್ಪ ಹೆದರಿದ. ರಜೆಗೆ ಬಂದಿದ್ದ ನಾನು ಊಟಕ್ಕೆ ಕುಳಿತಾಗ, ನನ್ನ ತಲೆಯ ಮೇಲೆ ಅವಳ ಕೈ ಇರಿಸಿ, ಮಕ್ಕಳಿಗೂ ಆಫೀಸಿನವರಿಗೂ ಬಾಯಿ ಬಿಡುವುದಿಲ್ಲ ಎಂದು ನನಗೆ ಕೇಳದಂತೆ ಆಣೆ ಮಾಡಿಸಿಕೊಂಡನಂತೆ. ಆ ಮಾತನ್ನು ತನ್ನ ಮುಂದೆಯೂ ಎತ್ತಬಾರದು ಎಂದನಂತೆ. ನನಗೆ ಆ ಊಟದ ನೆನಪೇ ಇಲ್ಲ. ಅವ್ವ ತಲೆ ಸವರಿದಳು ಎಂದುಕೊಂಡಿರಬೇಕು.

"ನಿನ್ನ ಮ್ಯಾಲಿನ ಆಣಿ. ಹೆಂಗ ಮುರೀಲಿ? ಕುರಿಯವರಿಗೆ ಹೇಳಬ್ಯಾಡ ಅಂದಿದ್ದಿಲ್ಲ, ಅವರಿಗೆ ಹೇಳಿದೆ. ಬರೀಬ್ಯಾಡ ಅಂದಿದ್ದಿಲ್ಲ. ನೀನ ವಹಿ ಕೊಟ್ಟು ಬರೀ ಅಂದಿ. ದೇವರ ದಾರಿ ಕೊಟ್ಟ ಅಂದ್ಕೊಂಡೆ. ಕಲತ ಮಗ, ಓದಿ ತಿಳ್ಕೋತಾನ ಅಂದ್ಕೊಂಡೆ."

ಆಮೇಲೆ ಒಂದು ಮಾತು ಹೇಳಿದಳು, ಸಿಟ್ಟಿಲ್ಲದೆ, ಲೆಕ್ಕ ಒಪ್ಪಿಸಿದ ಹಾಗೆ: "ನಾ ಸಡಿಲ ಮಾಡತಿದ್ದೆ. ನೀ ಬಿಗಿ ಮಾಡಿದಿ."

ನಾನು ಎದ್ದು ಒಳಗೆ ಹೋಗಿ ಅಪ್ಪನ ಮಂಚದ ಬದಿಗೆ ನಿಂತೆ.

ಭುಜಕ್ಕೆ ಪಟ್ಟಿ ಹಾಕಿಸಿಕೊಂಡ ಹತ್ತನೆಯ ದಿನ ಅಪ್ಪನನ್ನು ಮಿರಜಿಗೆ ಕರೆದುಕೊಂಡು ಹೋದೆವು. ಅಪ್ಪ ಈಗ ಬೇಡ ಎನ್ನುವ ಸ್ಥಿತಿಯಲ್ಲಿರಲಿಲ್ಲ. ಅಲ್ಲಿಯ ಡಾಕ್ಟರು, "ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಯಾವ ಹೊತ್ತಿನಲ್ಲಿ, ಏನಾದರೂ ನೆನಪಿದೆಯೆ?" ಎಂದು ಕೇಳಿದರು. ಅಪ್ಪ ಇಲ್ಲವೆಂದು ತಲೆಯಾಡಿಸಿದ. ಬಂದು ಹೋದದ್ದು ಅವನಿಗೆ ನೆನಪಿರುತ್ತಿರಲಿಲ್ಲ. ಅವ್ವ ಚೀಲದಿಂದ ಆ ವಹಿ ತೆಗೆದು ಮೇಜಿನ ಮೇಲಿಟ್ಟಳು.

ಡಾಕ್ಟರು ಹಾಳೆ ತಿರುವಿದರು. "ಇದು ಬಹಳ ಛಲೋ ಮಾಡೀರಿ. ಹೀಗೆ ಬರೆದಿಟ್ಟವರನ್ನು ನಾನು ನೋಡಿಲ್ಲ. ಈ ಎರಡು ಗೀಟು ಏನು?"

"ಎರಡ ಸಲ ಬಂದ ದಿನಾರಿ," ಎಂದಳು ಅವ್ವ.

ವಹಿಯ ಮೊದಲ ಹಾಳೆಯ ಮೇಲೆ ನನ್ನ ದೊಡ್ಡ ಅಕ್ಷರದಲ್ಲಿ 'ಎಣ್ಣೆ ಸೋರಿಕೆ' ಎಂದು ಬರೆದಿತ್ತು. ಡಾಕ್ಟರು ಅದನ್ನು ಓದಿ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ಗುಳಿಗೆ ಬರೆಸಿಕೊಂಡು ಹೊರಗೆ ಬಂದು ಚಹಾದ ಅಂಗಡಿಯಲ್ಲಿ ಕುಳಿತೆವು. ಇನ್ನು ಮುಚ್ಚಿಡುವುದು ಏನೂ ಉಳಿದಿಲ್ಲ ಎಂದು ನಾನು ಅಂದುಕೊಂಡಿದ್ದೆ. ಆಗ ಅಪ್ಪ ಬಾಯಿ ತೆರೆದ.

"ಬೋಲ್ಟ ಇಕಿ ಸಡಿಲ ಮಾಡ್ತಾಳ ಅಂತ ನನಗ ಗೊತ್ತಿತ್ತು."

ಅವ್ವ ಬಟ್ಟಲನ್ನು ಕೆಳಗಿಟ್ಟು ಅವನ ಕಡೆ ತಿರುಗಿದಳು. "ಗೊತ್ತಿತ್ತ? ನಿಮಗ?"

"ಮೊದಲ ಗೊತ್ತಿದ್ದಿಲ್ಲ. ಒಮ್ಮಿ ಮುಂಜಾನಿ ಎದ್ದಾಗ ನಾಲಿಗಿ ಕಡಕೊಂಡಿದ್ದೆ, ಮೈಯೆಲ್ಲ ಬಡದಂಗ ನೋವು. ಹೊರಗ ಬಂದ್ರ ಎಣ್ಣಿ ಬಿದ್ದಿತ್ತು. ಮುಂದ ಮತ್ತೊಮ್ಮಿ ಹಂಗ. ಆಮ್ಯಾಲೆ ತಿಳೀತು. ನಿದ್ದ್ಯಾಗ ಬಂದದ್ದು ನನಗ ಹೆಂಗ ಗೊತ್ತಾಗಬೇಕು? ದಿನಾ ಎದ್ದ ಕೂಡ್ಲೆ ಮೊದಲ ನೆಲ ನೋಡತಿದ್ದೆ. ಎಣ್ಣಿ ಇದ್ರ ಬಂದಿತ್ತು. ಇರದಿದ್ರ ಇಲ್ಲ."

ಅವನು ನನ್ನ ಕಡೆ ತಿರುಗಿದ. "ನೀ ಬಂದು ರಿಪೇರಿ ಮಾಡಿದಿ. ನೀ ಏನ್ ಮಾಡಿದಿ ಅಂತ ನಾ ನೋಡಲಿಲ್ಲ. ಹನ್ನೊಂದ ದಿನ ನೆಲ ಒಣಗಿತ್ತು, ಹನ್ನೆರಡನೇ ಮುಂಜಾನೀನೂ ಒಣಗಿತ್ತು. ಬೋಲ್ಟಿಗೆ ತಂತಿ ಐತಿ ಅಂತ ನನಗೇನ್ ಗೊತ್ತು? ಹೋತು, ನನಗ ಆರಾಮ ಆತು ಅಂದ್ಕೊಂಡೆ ಲೇ. ಅದಕ್ಕ ಅಷ್ಟ ಜೋರ ಹೊಡೀತಿದ್ದೆ."

ಅವ್ವ ಅಪ್ಪನನ್ನೇ ದಿಟ್ಟಿಸುತ್ತಿದ್ದಳು. ಒಬ್ಬರಿಗೊಬ್ಬರು ಒಂದು ಮಾತೂ ಆಡದೆ ಇವರಿಬ್ಬರೂ ಆ ಪಡಸಾಲೆಯ ನೆಲದ ಮೇಲೆ ಎಷ್ಟು ದಿನ ಹೀಗೆ ಹೇಳಿಕೊಂಡು, ಕೇಳಿಸಿಕೊಂಡು ಬಾಳಿದ್ದರು! ನಾನು ಅದೇ ನೆಲದ ಮೇಲೆ ಮಂಡಿಯೂರಿ ವಾಷರ್ ಹುಡುಕಿದ್ದೆ.

ಅಪ್ಪ ತಾನೇ ಮೇಲಿನ ಅಧಿಕಾರಿಯ ಹತ್ತಿರ ಹೋಗಿ ಎಲ್ಲ ಹೇಳಿದ. ನಾನು ಜೊತೆಗಿದ್ದೆ. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಇಷ್ಟ ಹೇಳಾಕ ಇಷ್ಟು ವರ್ಷ ಬೇಕಾತೇನ್ರಿ? ನನ್ನ ತಂಗಿಗೂ ಐತಿ, ಗುಳಿಗಿ ತಗೋತಾಳ, ಸಾಲಿ ಕಲಸ್ತಾಳ," ಎಂದರು. ಮಳೆಗಾಲದಿಂದ ಔಷಧದ ಕೋಣೆಯಲ್ಲಿ ಕುಳಿತು ಮಾಡುವ ಕೆಲಸ ಕೊಟ್ಟರು. ಅಪ್ಪ ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತು, "ಅಷ್ಟೇ?" ಎಂದ. ಮತ್ತೊಮ್ಮೆ, "ಅಷ್ಟೇ ಏನ್ಲೇ?" ಎಂದ. ಯಾವ ಮಾತಿಗೆ ಹೆದರಿ ಇಡೀ ಮನೆಯ ಬಾಯಿ ಕಟ್ಟಿದ್ದನೋ ಆ ಮಾತು ಕಾಲು ಗಂಟೆಯಲ್ಲಿ ಮುಗಿದಿತ್ತು.

ಆದರೆ ಮಳೆಗಾಲಕ್ಕೆ ಮೊದಲು ಕುರಿಗಳಿಗೆ ಸೂಜಿ ಹಾಕುವ ಕೆಲಸ ಬಾಕಿ ಇತ್ತು. ಆ ದಡ್ಡಿಗಳ ದಾರಿ ಗೊತ್ತಿದ್ದವನು ಅಪ್ಪ ಒಬ್ಬನೇ. ಬಿಸಿಲಲ್ಲಿ ಮೈಲುಗಟ್ಟಲೆ ನಡೆದರೆ ಮತ್ತೆ ಬಂದೀತು ಎಂದು ಹೆದರಿಕೆ. ಗಾಡಿ ಓಡಿಸಲೇಬಾರದು ಎಂದು ಡಾಕ್ಟರು ಹೇಳಿದ್ದರು.

ಅಪ್ಪನ ಭುಜ ಕೂಡಿದ ಮೇಲೆ ಒಂದು ರಜೆಯ ದಿನ ಅವ್ವ ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಸುಣ್ಣದ ಕಡ್ಡಿಯಿಂದ ಗುರುತು ಹಾಕಿ ಹಿಂದಿನ ಹಲ್ಲುಗಾಲಿಯ ಹಲ್ಲು ಎಣಿಸುತ್ತಿದ್ದಳು.

"ಮೂವತ್ತೊಂದು," ಎಂದಳು. "ಇದನ್ನ ದೊಡ್ಡದ ಮಾಡಾಕ ಬರತೈತೇನ? ಮುಂದಿಂದು ಸಣ್ಣದ ಮಾಡು."

"ಯಾಕ?"

"ಇಬ್ಬರು ಕುಂತ್ರ ಎಳೀಬೇಕಲ್ಲ. ಜೋರಾಗಿ ಓಡಬಾರದು. ಅವರು ಹಿಂದ ಕುಂತಿರ್ತಾರ."

"ಓಡಸೂರು ಯಾರು?"

ಅವಳು ಎದ್ದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹ್ಯಾಂಡಲ್ ಹಿಡಿದಳು. ನನಗೆ ತಿಳಿಯಲು ಕೆಲವು ಕ್ಷಣ ಬೇಕಾದವು. ನಲವತ್ತೆಂಟು ವರ್ಷದ ಹೆಂಗಸು, ಸೈಕಲ್ ಸಹ ತುಳಿದವಳಲ್ಲ.

"ಯವ್ವಾ, ಊರವರು ಏನಂದಾರು?"

"ಅವರು ಬೆಳಗಲಿಗೆ ಬಂದು ಇವರನ್ನ ಹಿಡೀತಾರೇನ? ನೀ ಹಲ್ಲಿಂದು ನೋಡು. ಮಗ್ಗದಾಗ ಅರಿವಿ ದಟ್ಟ ಬೇಕಂದ್ರ ಒಂದ ಗಾಲಿ ಹಾಕ್ತೀವಿ, ಜಾಳ ಬೇಕಂದ್ರ ಇನ್ನೊಂದು. ಇದೂ ಅದಾ. ಮುಂದ ಹನ್ನೊಂದು ಮಾಡು, ಹಿಂದ ಮೂವತ್ತೇಳು."

ಕಾಗದ ತೆಗೆದು ಲೆಕ್ಕ ಹಾಕಿದೆ. ಅವಳು ಬಾಯಲ್ಲಿ ಹೇಳಿದ್ದು ಸರಿಯಾಗಿತ್ತು. ಮೊದಲಿನ ವೇಗದ ಮುಕ್ಕಾಲು ಭಾಗ, ಆದರೆ ಮೊದಲ ಗೇರಿನಲ್ಲಿ ಇಬ್ಬರನ್ನೂ ಹೊಲದ ಏರಿಗೆ ಎಳೆಯುವ ಬಲ. ಲೇತಿನ ಗೆಳೆಯನಿಂದ ಎರಡೂ ಗಾಲಿ ಮಾಡಿಸಿ ತಂದೆ. ಬೋಲ್ಟಿನ ತಂತಿಯನ್ನು ಅವಳ ಪಕ್ಕಡದಿಂದ ನಾನೇ ಕತ್ತರಿಸಿ ತೆಗೆದೆ, ಬೋಲ್ಟನ್ನು ಬರೀ ಪಾನಾದಿಂದ ಬಿಗಿದೆ. ಅದು ಸೋರಲಿಲ್ಲ.

ಊರ ಹೊರಗಿನ ಬಯಲಿನಲ್ಲಿ ಎರಡು ರಜೆ ಕಲಿಸಿದೆ. ಗಾಡಿ ಅಷ್ಟು ಗಿಡ್ಡ, ಎರಡೂ ಕಾಲು ನೆಲಕ್ಕೆ ಮುಟ್ಟುತ್ತಿದ್ದವು. ಎಂಜಿನ್ನಿನ ದನಿ ಕೇಳಿ ಗೇರು ಬದಲಿಸುವುದನ್ನು ನಾನು ಹೇಳಿಕೊಡಬೇಕಾಗಲಿಲ್ಲ. ದಿನವಿಡೀ ಮಗ್ಗದ ದನಿ ಕೇಳಿ ಎಲ್ಲಿ ಎಳೆ ಹರಿಯಿತೆಂದು ಹೇಳುವವಳು. ಮೂರನೆಯ ಸೋಮವಾರ ಕೆಲಸಕ್ಕೆ ರಜೆ ಹಾಕಿ ನಾನು ಬಾಗಿಲಲ್ಲಿ ನಿಂತಿದ್ದೆ. ಅವ್ವ ಇಳಕಲ್ ಸೀರೆಯ ಕಚ್ಚೆ ಹಾಕಿ ಕುಳಿತಳು. ಅಪ್ಪ ಔಷಧದ ಪೆಟ್ಟಿಗೆ ಹಿಡಿದು ಹಿಂದೆ ಕುಳಿತ. ಅವನ ನಡುವಿಗೆ ಧೋತರ ಸುತ್ತಿ ತನ್ನ ನಡುವಿಗೆ ಕಟ್ಟಿಕೊಂಡಳು. ಗಾಡಿ ಓಣಿಯಲ್ಲಿ ಹೊರಟಿತು. ಒಂದೊಂದೇ ಮನೆಯ ಮಗ್ಗದ ಸದ್ದು ನಿಂತಿತು. ಜನ ಹೊಸ್ತಿಲಿಗೆ ಬಂದರು. ಯಾರೂ ನಗಲಿಲ್ಲ. ಎದುರು ಮನೆಯ ಅಜ್ಜಿ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು.

ಹೀಗೆ ಆರು ವಾರ ಹೋಗಿ ಬಂದರು. ಗುಳಿಗೆ ಹಿಡಿಯಿತೋ ಏನೋ, ಒಮ್ಮೆಯೂ ಬರಲಿಲ್ಲ. ಮಳೆ ಹಿಡಿದ ಮೇಲೆ ಅಪ್ಪ ಔಷಧದ ಕೋಣೆಗೆ ಹೋದ, ಅವ್ವ ಮಗ್ಗಕ್ಕೆ ಹೋದಳು. ಮತ್ತೆ ಅವಳು ಗಾಡಿ ಹತ್ತಲಿಲ್ಲ. ಯಾಕೆಂದು ಕೇಳಿದರೆ, "ಇನ್ನ ಯಾಕ?" ಎಂದಳು. ಕೆಲವು ವರ್ಷಗಳ ಮೇಲೆ ಅಕ್ಕನ ಮಾವನ ಮನೆಯವರು ಗಾಡಿ ಕೇಳಿ ಒಯ್ದರು. ಅಪ್ಪ ನಿವೃತ್ತನಾಗಿ ಎಷ್ಟೋ ದಿನ ಚೆನ್ನಾಗಿ ಬಾಳಿದ. ಆಮೇಲೆ ಅವನಿಗೆ ಫಿಟ್ಸ್ ಬರಲಿಲ್ಲ. ಬರಲಿಲ್ಲ ಎಂದು ನನಗೆ ಹೇಳಿದ್ದಾರೆ ಎಂದರೆ ಸರಿಯಾದೀತು.

ಅಪ್ಪ ಹೋದ ಮೇಲೆ ಒಂದು ಮಧ್ಯಾಹ್ನ ಮಗ್ಗದ ಮುಂದಿದ್ದ ಅವ್ವನನ್ನು ಕೇಳಿದೆ. "ತಂತಿ ಕಟ್ಟಿದಾಗ ನನ್ನ ಮ್ಯಾಲೆ ಸಿಟ್ಟ ಬಂದಿದ್ದಿಲ್ಲೇನ?"

"ಬಂದಿತ್ತಲ್ಲ," ಎಂದಳು. "ಭಾಳ ಬಂದಿತ್ತು. ನಿನ್ನ ಕಪಾಳಕ್ಕ ಹೊಡೀಬೇಕ ಅನ್ನಿಸಿತ್ತು." ಹರಿದ ಎಳೆಯೊಂದನ್ನು ಹುಡುಕಿ, ಬೆರಳಿನಿಂದ ಹೊಸೆದು ಕೂಡಿಸಿ, ಮಗ್ಗದ ಹಿಡಿಕೆ ಎಳೆದಳು. ಆ ಸದ್ದಿನಲ್ಲಿ ಮುಂದೇನು ಹೇಳಿದಳೋ ನನಗೆ ಕೇಳಿಸಲಿಲ್ಲ.